ಅಪ್ಪನ ಕಣ್ಣಿಗೆ ಪದ್ಯದ ದುಡ್ಡು

ಅಯೋವಾ ಸಿಟಿ, ಅಮೆರಿಕ
ನವೆಂಬರ್ 9, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಾನು ಇಲ್ಲಿ ಕ್ಷೇಮ. ಭಾವ, ಪುಟ್ಟಿ, ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬುಧವಾರ ಕೈಸೇರಿತು. ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ನೀನು ಪತ್ರ ಬರೆದಿದ್ದೀಯೆ. ನಾನೂ ಅದಕ್ಕೇ ಬರೆಯುತ್ತಿದ್ದೇನೆ.

ಕಣ್ಣಿನ ಪೊರೆಯ ಆಪರೇಷನ್ ಈಗಲೇ ಬೇಡ, ಪೊರೆ ಇನ್ನೂ ಬಲಿಯಲಿ ಎಂದು ಅಪ್ಪ ಹೇಳುತ್ತಾರೆಂದು ಬರೆದಿದ್ದೀಯೆ. ಅದು ನೆಪ ಅಕ್ಕ. ಬಲಿಯುವ ತನಕ ಕಾಯುವುದು ಅಜ್ಜಿಯ ಕಾಲಕ್ಕೇ ಮುಗಿಯಿತು. ಈಗ ಓದಲು ತೊಂದರೆಯಾದರೆ ಸಾಕು, ತೆಗೆಯುತ್ತಾರೆ. ತೀರಾ ಬಲಿತು ಗಟ್ಟಿಯಾದರೆ ತೆಗೆಯುವುದೇ ಕಷ್ಟ. ಹನಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಸಂಜೆಗೆ ಮನೆಗೆ ಬರಬಹುದು. ಇದೆಲ್ಲ ಅವರಿಗೆ ಗೊತ್ತಿಲ್ಲದ್ದಲ್ಲ. ‘ಅವನಿಗೆ ಕಾಯಂ ಕೆಲಸವಿಲ್ಲ, ಪದ್ಯ ಓದಿ ತಂದ ದುಡ್ಡನ್ನು ನನ್ನ ಕಣ್ಣಿಗೆ ಸುರಿಯುವುದು ಬೇಡ’ ಎಂದು ಭಾವನ ಹತ್ತಿರ ಹೇಳಿದರಂತಲ್ಲ, ಅದೇ ನಿಜವಾದ ಕಾರಣ. ಆ ಸಾಲು ಓದಿದ ಮೇಲೆ ಎರಡು ದಿನ ನನಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ನಿನಗೆ ಹೇಳದೆ ಇಟ್ಟುಕೊಂಡ ಒಂದು ವಿಷಯವಿದೆ. ನಾನು ಹೊರಡುವ ವಾರ ಹೊಸ ಸಂಕಲನದ ಕರಡಚ್ಚು ಬಂದಿತ್ತು. ಅಪ್ಪ ಎಂದಿನಂತೆ ಕಿಟಕಿಯ ಪಕ್ಕ ಕೂತು, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಪೆನ್ಸಿಲ್ಲಿನಲ್ಲಿ ಲಘು ಗುರು ಹಾಕಿದರು. ಒಂದು ಸಾಲಿನಲ್ಲಿ ಗುರು ಬರಬೇಕಾದ ಕಡೆ ಲಘು ಹಾಕಿದ್ದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ನಮಗೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ ಮನುಷ್ಯ! ಕೆಳಗಿದ್ದ ಒತ್ತು ಅವರಿಗೆ ಕಂಡಿರಲೇ ಇಲ್ಲ. ‘ಇಲ್ಲೊಂದು ಮಾತ್ರೆ ಕಡಿಮೆ ಬೀಳುತ್ತದಲ್ಲೋ’ ಎಂದರು. ‘ಹೌದಪ್ಪ, ಸರಿಮಾಡುತ್ತೇನೆ’ ಎಂದು ಹಾಳೆ ತೆಗೆದುಕೊಂಡು ಒಳಗೆ ಬಂದುಬಿಟ್ಟೆ. ಅವತ್ತೇ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಶುಕ್ರವಾರ ನಿನ್ನ ಖಾತೆಗೆ 80,000 ರೂಪಾಯಿ ಕಳುಹಿಸಿದ್ದೇನೆ. ಇದು ಸಾಲದ ದುಡ್ಡಲ್ಲ. ಇಲ್ಲಿ ಪಾಠ ಹೇಳಿದ್ದಕ್ಕೆ ತಿಂಗಳು ತಿಂಗಳು ಬರುತ್ತದೆ. ಕವಿತೆ ಓದಲು ಕರೆದವರು ಬಸ್ಸಿನ ಖರ್ಚು ಕೊಟ್ಟು, ಮೇಲೆ ಗೌರವಧನವನ್ನೂ ಕೊಡುತ್ತಾರೆ. ವಾರಪತ್ರಿಕೆಗೆ ಧಾರಾವಾಹಿಯ ಕಂತು ತಪ್ಪದೆ ಹೋಗುತ್ತಿದೆ. ಚಿತ್ರಕ್ಕೆ ಹಾಡು ಬರೆದದ್ದರ ಎರಡನೆಯ ಕಂತಿನ ಹಣ ಬಂದಿಲ್ಲ ಎಂದು ಭಾವನಿಗೆ ಯಾರೋ ಹೇಳಿದ್ದು ನಿಜ, ಆದರೆ ಬರುತ್ತದೆ, ನಾನು ಅದನ್ನು ನೆಚ್ಚಿಕೊಂಡೂ ಇಲ್ಲ. ಬಾಡಿಗೆ ಕಟ್ಟಿಯಾಗಿದೆ, ದಪ್ಪ ಕೋಟು ಕೊಂಡಾಗಿದೆ, ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ, ನೆಗಡಿ ಕೂಡ ಇಲ್ಲ.

ಇಲ್ಲಿಂದ ಮುಂದಿನದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು.

ಅಪ್ಪ, ಹೋದ ವಾರ ನನ್ನ ಅನುವಾದದ ತರಗತಿಯಲ್ಲಿ ಭಾಮಿನಿ ಷಟ್ಪದಿ ಮಾಡಿದೆ. ಹನ್ನೊಂದು ಮಕ್ಕಳು, ಒಬ್ಬರಿಗೂ ಕನ್ನಡ ಬರುವುದಿಲ್ಲ. ನೀವು ಮಾಡಿಸುತ್ತಿದ್ದಂತೆಯೇ ಮೇಜು ತಟ್ಟಿಸಿದೆ, ಮೂರು ನಾಲ್ಕು, ಮೂರು ನಾಲ್ಕು. ಹದಿನಾಲ್ಕು ಮಾತ್ರೆಯ ಸಾಲು ಬೇಗ ಹಿಡಿದರು. ಮೂರನೆಯ ಸಾಲಿಗೆ ಬಂದಾಗ ಇಪ್ಪತ್ತೊಂದಾದ ಮೇಲೆ ಕೊನೆಯ ಗುರುವಿಗೆ ಎಲ್ಲರ ಕೈಯೂ ತಪ್ಪಿತು. ಆರನೆಯ ಸಾಲಿಗೆ ತಪ್ಪಲಿಲ್ಲ. ಒಬ್ಬ ಹುಡುಗಿ ತರಗತಿ ಮುಗಿದ ಮೇಲೂ ಪೆನ್ಸಿಲ್ಲಿನಿಂದ ತಟ್ಟುತ್ತಾ ಮೆಟ್ಟಿಲಿಳಿದು ಹೋದಳು. ಇದನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ಹೇಳಿದೆ.

ಕವಿತೆಯಿಂದ ಹೊಟ್ಟೆ ತುಂಬದು ಎನ್ನುತ್ತೀರಿ. ಬರೀ ಕವಿತೆಯಿಂದ ನಮ್ಮಲ್ಲಿ ಯಾರ ಹೊಟ್ಟೆ ತುಂಬಿದೆ? ಲಂಕೇಶರು ಇಂಗ್ಲಿಷ್ ಪಾಠ ಹೇಳಿದರು, ಕಥೆ ನಾಟಕ ಬರೆದರು, ನಾಲ್ಕು ಚಿತ್ರ ತೆಗೆದರು, 1980ರಲ್ಲಿ ಪತ್ರಿಕೆ ಕಟ್ಟಿದರು. ಕಂಬಾರರು ಇದೇ ದೇಶದ ಶಿಕಾಗೊದಲ್ಲಿ ಪಾಠ ಹೇಳಿದವರು, ಚಿತ್ರ ನಿರ್ದೇಶಿಸಿದರು, ಹಂಪಿಯ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. ಜಯಂತ ಕಾಯ್ಕಿಣಿಯವರ ಹಾಡು ಪುಟ್ಟಿಯ ಬಾಯಲ್ಲಿರುತ್ತದೆ, ಅವರ ಕಥೆಗಳ ಅನುವಾದಕ್ಕೆ 2018ರ ಸಾಲಿನ ದಕ್ಷಿಣ ಏಷ್ಯಾದ ದೊಡ್ಡ ಬಹುಮಾನ ಬಂತು. ಚಿತ್ರಕ್ಕೆ ಹಾಡು ಬರೆದರೆ ಕವಿ ಕೆಡುತ್ತಾನೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಸಂಗೀತ ನಿರ್ದೇಶಕರು ಮಟ್ಟನ್ನು ಬರೀ ತನನ ಎಂದು ಗುನುಗಿ ಕಳುಹಿಸುತ್ತಾರೆ. ಇಲ್ಲಿ ರಾತ್ರಿ ಒಂದು ಗಂಟೆಗೆ ಅದನ್ನು ಕೇಳಿಕೊಂಡು ಬೆರಳಿನ ಗೆಣ್ಣಿನ ಮೇಲೆ ಮಾತ್ರೆ ಎಣಿಸುತ್ತೇನೆ. ಎಣಿಸಲು ಕಲಿಸಿದವರು ನೀವು. ಹಾಗಾಗಿ ಆ ಎಂಬತ್ತು ಸಾವಿರ ನಿಮ್ಮದೇ ಪಾಠದ ದುಡ್ಡು. ಬೇಡ ಎನ್ನಬೇಡಿ.

ಇಲ್ಲಿನ ಓದು ನಮ್ಮ ದಸರಾ ಕವಿಗೋಷ್ಠಿಯಂತಲ್ಲ. ಸಾಲು ಮುಗಿದಾಗ ‘ವಾಹ್’ ಎನ್ನುವವರಿಲ್ಲ, ಮತ್ತೊಮ್ಮೆ ಓದಿ ಎಂದು ಕೂಗುವವರಿಲ್ಲ. ಪುಸ್ತಕದಂಗಡಿಯ ಮಹಡಿಯ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಅಪ್ಪ, ನಾನು ಕನ್ನಡದಲ್ಲೇ ಮೊದಲು ಓದುವುದು, ಇಂಗ್ಲಿಷ್ ಆಮೇಲೆ. ಕವಿತೆ ಬರೆಯುವ ತರಗತಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಯಾರ ಪದ್ಯದ ಚರ್ಚೆ ನಡೆಯುತ್ತಿದೆಯೋ ಅವರು ತುಟಿ ಬಿಚ್ಚುವಂತಿಲ್ಲ. ನನಗೆ ಅದು ಸರಿಕಾಣಲಿಲ್ಲ. ನಮ್ಮ ಮಟ್ಟಿಗೆ ಅದನ್ನು ಬಿಟ್ಟಿದ್ದೇನೆ.

ಈ ಊರನ್ನು ಯುನೆಸ್ಕೋ 2008ರಲ್ಲಿ ಸಾಹಿತ್ಯ ನಗರವೆಂದು ಕರೆಯಿತು. ಒಂದು ಬೀದಿಯ ಕಾಲುದಾರಿಯಲ್ಲಿ ಲೇಖಕರ ಸಾಲುಗಳನ್ನು ಕಂಚಿನ ಫಲಕದಲ್ಲಿ ಕೊರೆದು ನೆಲಕ್ಕೇ ಕೂರಿಸಿದ್ದಾರೆ. ಜನ ಅದರ ಮೇಲೆಯೇ ನಡೆಯುತ್ತಾರೆ. ನನಗೆ ಕಾಲಿಡಲು ಆಗುವುದಿಲ್ಲ, ಪಕ್ಕಕ್ಕೆ ಸರಿದು ಹೋಗುತ್ತೇನೆ.

ಅಕ್ಕ, ಇನ್ನು ನಿನಗೆ. ಕಳೆದ ಭಾನುವಾರ ಇಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ಹಾಕಿದರು, ಚಳಿಗಾಲಕ್ಕೆ ಹೀಗೆ ಮಾಡುತ್ತಾರೆ. ಈಗ ನೀವು ನಮಗಿಂತ ಹನ್ನೊಂದೂವರೆ ಗಂಟೆ ಮುಂದೆ. ನಿಮ್ಮ ಬೆಳಗಿನ ಎಂಟಕ್ಕೆ ಫೋನ್ ಮಾಡಿದರೆ ನಾನು ಎದ್ದಿರುತ್ತೇನೆ. ಅಪ್ಪನ ಸಕ್ಕರೆ ಅಂಶವನ್ನು ಮೊದಲು ಪರೀಕ್ಷಿಸಿಕೊಳ್ಳಿ, ಹೆಚ್ಚಿದ್ದರೆ ಆಪರೇಷನ್ನಿನ ದಿನ ಮುಂದಕ್ಕೆ ಹಾಕುತ್ತಾರೆ. ಆಮೇಲೆ ಹನಿ ಹಾಕುವುದನ್ನು ಪುಟ್ಟಿಗೆ ವಹಿಸು, ಅವಳ ಮಾತಿಗೆ ಅವರು ಇಲ್ಲವೆನ್ನುವುದಿಲ್ಲ. ಡಾಕ್ಟರು ಹೇಳುವ ತನಕ ತಲೆಗೆ ನೀರು ಬೇಡ. ಒಂದು ಕಣ್ಣು ಮಾತ್ರ ಸಾಕು ಎಂದರೆ ಒಪ್ಪಬೇಡ, ಎರಡೂ ಆಗಬೇಕು, ಎರಡನೆಯದಕ್ಕೂ ದುಡ್ಡು ಸಿದ್ಧವಿದೆ. ನನ್ನ ಚಿಂತೆ ಮಾಡಬೇಡಿ, ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ.

ನಾಳೆ ಬೆಳಗ್ಗೆಯ ತರಗತಿಗೆ ಇನ್ನೂ ಎರಡು ಪುಟ ಸಿದ್ಧವಾಗಬೇಕು. ಕರಡಚ್ಚಿನ ಆ ಹಾಳೆ ನನ್ನ ಬಳಿಯೇ ಇದೆ, ಅಪ್ಪನ ಗುರುತು ಹಾಗೆಯೇ ಇದೆ, ಅಳಿಸಿಲ್ಲ. ಆಪರೇಷನ್ನಿನ ದಿನ ಗೊತ್ತಾದ ಕೂಡಲೇ ತಿಳಿಸು.

ನಿನ್ನ ತಮ್ಮ