ಫುರ್ನಾಸ್ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಯುರೋಪ್ ಅಂದ್ರೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಇಷ್ಟೇ ಯಾಕೆ? ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿ ಸಾವೊ ಮಿಗೆಲ್ ಅಂತ ಒಂದಿದೆ, ಅಲ್ಲಿನ ಫುರ್ನಾಸ್ ಊರನ್ನೂ ಪರಿಚಯಿಸಿ. ಊರು ಇರುವುದೇ ಜ್ವಾಲಾಮುಖಿಯ ಬಾಯೊಳಗೆ. ಅದು ಕೊನೆಯ ಸಲ ಸಿಡಿದದ್ದು 1630ರಲ್ಲಿ.

ಬೆಳಿಗ್ಗೆ ಕೆರೆಯ ದಡದಲ್ಲಿ ಮಾಂಸ, ಎಲೆಕೋಸು, ಗೆಣಸು ತುಂಬಿದ ಪಾತ್ರೆಯನ್ನು ಬಿಸಿ ನೆಲದ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿಬಿಡುತ್ತಾರೆ, ಒಲೆಯಿಲ್ಲ, ಬೆಂಕಿಯಿಲ್ಲ, 5-6 ಗಂಟೆಯಲ್ಲಿ ಭೂಮಿಯ ಕಾವಿಗೇ ಎಲ್ಲ ಹದವಾಗಿ ಬೆಂದಿರುತ್ತದೆ. ಮಧ್ಯಾಹ್ನ ಪಾತ್ರೆ ಎತ್ತುವಾಗ ಗಂಧಕದ ವಾಸನೆ ಮೂಗಿಗೆ ಅಡರುತ್ತದೆ. ಸಸ್ಯಾಹಾರಿಗಳಿಗೆ ಬಿಸಿ ಬುಗ್ಗೆಯಲ್ಲೇ ಬೇಯಿಸಿದ ಮುಸುಕಿನ ಜೋಳ ಸಿಗುತ್ತದೆ, ತುಂಬಾ ರುಚಿ! ಟೆರಾ ನೊಸ್ಟ್ರಾ ತೋಟದ ಬಿಸಿನೀರಿನ ಕೊಳಕ್ಕೆ ಹಳೇ ಬಟ್ಟೆಯಲ್ಲೇ ಇಳಿಯಿರಿ, ಕಬ್ಬಿಣದಂಶ ಜಾಸ್ತಿ, ಕಲೆ ಹೋಗಲ್ಲ. ಫೋಟೋ ಆಸೆಗೆ ಕುದಿಯುವ ಬುಗ್ಗೆಗಳ ಬೇಲಿ ಮಾತ್ರ ದಯವಿಟ್ಟು ದಾಟಬೇಡಿ.

– ಓದುಗ, ಮೈಸೂರು