ಹಳೆಯ ವಾಲ್ವ್ ಸೆಟ್ಟಿಗೆ ಆತುರದಿಂದ ಪ್ಲಗ್ ಹಾಕಬೇಡಿ

ಮಾನ್ಯರೇ,

ಹವ್ಯಾಸಿ ರೇಡಿಯೊ (ಪರವಾನಗಿ ಪಡೆದು ಸ್ವಂತ ಸೆಟ್ಟಿನಲ್ಲಿ ದೂರದವರೊಡನೆ ಮಾತಾಡುವ ಹವ್ಯಾಸ) ನಡೆಸುತ್ತಿದ್ದ ಹಿರಿಯರು ತೀರಿಕೊಂಡ ಮನೆಗಳಿಂದ ನನಗೆ ಆಗಾಗ ಕರೆ ಬರುತ್ತದೆ: ‘ಅಪ್ಪನ ಸೆಟ್ ಅಟ್ಟದಲ್ಲಿತ್ತು, ಪ್ಲಗ್ ಹಾಕಿದೆವು, ಹೊಗೆ ಬಂತು. ಗುಜರಿಗೆ ಹಾಕೋಣವೇ?’

ಹಾಕಬೇಡಿ ಸ್ವಾಮಿ, ಪ್ಲಗ್ಗೂ ಬೇಡ, ಗುಜರಿಗೂ ಬೇಡ! ವರ್ಷಗಟ್ಟಲೆ ಸುಮ್ಮನಿದ್ದ, ವಾಲ್ವ್ (ಸಂಕೇತ ವರ್ಧಿಸುವ ಗಾಜಿನ ನಿರ್ವಾತ ಕೊಳವೆ) ಬಳಸುವ ಜಪಾನಿನ ಯಾಯೆಸು ಎಫ್‌ಟಿ-101ರಂಥ ಸೆಟ್ಟಿನಲ್ಲಿ ವಿದ್ಯುತ್ ಶೇಖರಿಸುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಒಣಗಿರಬಹುದು. ಮೊದಲು ಅವನ್ನು ಪರೀಕ್ಷಿಸಬೇಕು. ಅದಕ್ಕಿಂತ ಅಪಾಯಕಾರಿಯಾದದ್ದು, ಡ್ರೈವರ್ ವಾಲ್ವ್ 12ಬಿವೈ7ಎಯಿಂದ, ಪ್ರಸಾರಕ್ಕೆ ಶಕ್ತಿ ಕೊಡುವ ಕೊನೆಯ ವಾಲ್ವ್ ಜೋಡಿಯ ಒಳಗೆ ವಿದ್ಯುತ್ ಹರಿವನ್ನು ನಿಯಂತ್ರಿಸುವ ಜಾಲರಿಗೆ, ಅಂದರೆ ಗ್ರಿಡ್‌ಗೆ ಹೋಗುವ ಪುಟ್ಟ ಕೆಪಾಸಿಟರ್. ಅದು ವಿದ್ಯುತ್ ಸೋರಿಸಿದರೆ ಗ್ರಿಡ್‌ನ ಋಣ ವೋಲ್ಟೇಜ್ ಕುಸಿದು, ಹರಿವು ಮಿತಿಮೀರಿ, ಆ 6ಜೆಎಸ್6ಸಿ ವಾಲ್ವ್ ಜೋಡಿಯ ಪ್ಲೇಟುಗಳು (ಒಳಗಿನ ಲೋಹದ ತಗಡುಗಳು) ಕೆಂಡದಂತೆ ಕೆಂಪಾಗುತ್ತವೆ. ಬಣ್ಣದ ಟಿವಿಗೆಂದು ರೂಪಿಸಿದ ಆ ವಾಲ್ವ್ ಈಗ ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆ ಜಾಲಾಡಿದರೂ ಸಿಗುವುದು ಕಷ್ಟ. ಕೆಲವೇ ರೂಪಾಯಿಯ ಕೆಪಾಸಿಟರನ್ನು ಮೊದಲೇ ಬದಲಿಸಿದರೆ ವಾಲ್ವ್ ಉಳಿಯುತ್ತದೆ. ಪ್ಲೇಟಿಗೆ ಸುಮಾರು 600 ವೋಲ್ಟ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ಅನುಭವವಿಲ್ಲದವರು ಮುಚ್ಚಳ ತೆಗೆಯಲೇಬಾರದು.

ಸೆಟ್ ಸರಿಯಾದ ಮೇಲೂ ಬ್ಯಾಂಡ್ (ತರಂಗಾಂತರದ ಪಟ್ಟಿ) ಬದಲಿಸಿದಾಗಲೆಲ್ಲ ಪ್ಲೇಟ್ ನಾಬ್ ತಿರುಗಿಸಿ ಮೀಟರಿನ ಮುಳ್ಳು ಕೆಳಗಿಳಿಯುವ ಜಾಗ ಹಿಡಿಯಬೇಕು, ಆಂಟೆನಾಗೆ ಶಕ್ತಿ ಸರಿಯಾಗಿ ಹೋಗುವಂತೆ ಲೋಡ್ ನಾಬ್ ಹೊಂದಿಸಬೇಕು, ಅದೂ ಹತ್ತು ಸೆಕೆಂಡಿನೊಳಗೆ. ಈಗಿನ ಹುಡುಗರಿಗೆ ಇದು ಕಿರಿಕಿರಿ. ನನಗಂತೂ ಹವ್ಯಾಸದ ರುಚಿಯೇ ಇದು.

ಜಾಲಹಳ್ಳಿಯ ಬಿಇಎಲ್ 1961ರಲ್ಲೇ ವಾಲ್ವ್ ತಯಾರಿಕೆ ಆರಂಭಿಸಿದ ಊರು ಬೆಂಗಳೂರು. ಅಲ್ಲಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಇಂಥ ಸೆಟ್ಟೊಂದನ್ನು ದುರಸ್ತಿ ಮಾಡಿ, ಪರವಾನಗಿ ಇರುವ ಹವ್ಯಾಸಿಗಳಿಂದ ಮಕ್ಕಳೆದುರು ನಡೆಸಿ ತೋರಿಸುವ ವ್ಯವಸ್ಥೆಯಾಗಲಿ. ಸೆಟ್ ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ.

– ಹವ್ಯಾಸಿ ರೇಡಿಯೊ ಪರವಾನಗಿದಾರ, ಮೈಸೂರು