ಅಲಂಕಾರ ಮುಗಿಸಿಟ್ಟು ನೆಂಟರನ್ನು ಕರೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆ ನಮ್ಮ ಮನೆಯಲ್ಲಿ ಎರಡು ಸಲ ಬಳಕೆಯಾಗುತ್ತದೆ. ಬೆಳಿಗ್ಗೆ ಓದುವುದಕ್ಕೆ, ಸಂಜೆ ಕತ್ತರಿಸುವುದಕ್ಕೆ. ಬೇಜಾರು ಮಾಡಿಕೊಳ್ಳಬೇಡಿ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿದವನು ನಾನು. ಕಾಗದ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಮೊಮ್ಮಕ್ಕಳು ಬಂದರಂತೂ ಹಿಂದಿನ ವಾರದ ಒಂದು ಹಾಳೆಯೂ ರದ್ದಿಗೆ ಹೋಗುವುದಿಲ್ಲ.

ಬೇಸಿಗೆ ರಜೆ ಶುರುವಾಗಿದೆ. ಎಲ್ಲರ ಮನೆಯಲ್ಲೂ ನೆಂಟರು ಸೇರುವ ಕಾಲ. ಕೆಲವರದು ಹುಟ್ಟುಹಬ್ಬ, ಕೆಲವರದು ಮದುವೆಯ ವಾರ್ಷಿಕೋತ್ಸವ. ಇನ್ನು ಕೆಲವರು ಯಾವ ಕಾರಣವೂ ಇಲ್ಲದೆ ಸೇರುತ್ತಾರೆ, ನನಗೆ ಅದೇ ಹೆಚ್ಚು ಇಷ್ಟ. ಹೀಗೆ ಕರೆಯುವವರಿಗೆ ನನ್ನದೊಂದು ಮಾತಿದೆ. ಅಲಂಕಾರವನ್ನು ಪೂರ್ತಿ ಮುಗಿಸಿಟ್ಟು ಕಾಯಬೇಡಿ. ಅರ್ಧ ಬಿಡಿ. ಬಂದವರು ಮಾಡಲಿ.

ಐದು ವರ್ಷದ ಹಿಂದೆ ನನ್ನ ಕಿರಿಯ ಮಗಳು ತನ್ನ ಮನೆಯಲ್ಲಿ ಎಲ್ಲರನ್ನೂ ಸೇರಿಸಿದ್ದಳು. ರೆಡಿಮೇಡ್ ಅಲಂಕಾರದ ಸೆಟ್ ತರಿಸಿದ್ದಳು. ಮಿರಮಿರ ಮಿಂಚುವ ಪರದೆ, ಬೆಳ್ಳಿ ಬಣ್ಣದ ಬಲೂನು, ಚಿನ್ನದ ಬಣ್ಣದ ಅಕ್ಷರಗಳು. ನಾವು ಹೋಗುವಷ್ಟರಲ್ಲಿ ಎಲ್ಲ ಸಿದ್ಧ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಬಂದವರು ಒಬ್ಬೊಬ್ಬರಾಗಿ ಪರದೆ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತರು. ಆಮೇಲೆ ಫೋನು ತೆಗೆದರು. ನಾಲ್ಕು ವರ್ಷದ ನಂತರ ಸಿಕ್ಕ ಇಬ್ಬರು ಒಬ್ಬರನ್ನೊಬ್ಬರು "ಮತ್ತೆ, ಏನು ಸಮಾಚಾರ?" ಅಂತ ಮೂರು ಸಲ ಕೇಳಿದ್ದನ್ನು ನಾನೇ ಎಣಿಸಿದೆ. ಮೂರು ಸಲವೂ ಉತ್ತರ ಒಂದೇ. "ಏನಿಲ್ಲ, ಎಲ್ಲ ಹಾಗೇ." ಸಂಜೆ ಆ ಅಲಂಕಾರವೆಲ್ಲ ಒಂದು ದೊಡ್ಡ ಕಸದ ಚೀಲದೊಳಗೆ ಹೋಯಿತು.

ಮರುವರ್ಷ ಸೇರುವುದು ನಮ್ಮ ಮನೆಯಲ್ಲಿ ಅಂತಾಯಿತು. ಈ ಸಲ ಎಲ್ಲ ಕೈಯಲ್ಲೇ ಮಾಡುತ್ತೇನೆ ಅಂತ ಜಂಬದಿಂದ ಹೇಳಿಬಿಟ್ಟಿದ್ದೆ. ಹಿಂದಿನ ರಾತ್ರಿ ಕೂತು ಮಾಡುವುದು ಅಂತ ಲೆಕ್ಕ. ಆದರೆ ಮೊಣಕಾಲು ನೋವು ಬಂದು ಎಂಟು ಗಂಟೆಗೇ ಮಲಗಿಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ ಜನ ಬಂದಾಗ ನೆಲದ ಮೇಲೆ ಇದ್ದದ್ದು ಪತ್ರಿಕೆಯ ಕಟ್ಟು, ಬಣ್ಣದ ಕಾಗದ, ದಾರದ ಉಂಡೆ, ಗೋಂದು, ಐದು ಕತ್ತರಿ. ನನ್ನ ಹೆಂಡತಿಗೆ ಮುಖ ಎತ್ತಲು ನಾಚಿಕೆ. ನನಗೆ ಬೇರೆ ದಾರಿ ಇರಲಿಲ್ಲ. "ಎಲ್ಲರೂ ನೆಲದ ಮೇಲೆ ಕೂತ್ಕೊಳ್ಳಿ, ಕೆಲಸ ಇದೆ" ಎಂದೆ.

ಕೂತರು! ಕಾಲು ಮಡಿಸಲು ಆಗದವರಿಗೆ ಸ್ಟೂಲು, ಮಡಿಲಲ್ಲೊಂದು ರಟ್ಟು.

ಕೆಲಸ ಸುಲಭದ್ದೇ. 20 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಒಂದು ತುಂಡು ಕಾಗದ. ಉದ್ದವನ್ನು ಅರ್ಧಕ್ಕೆ ಮಡಿಸಿ. ಮಡಿಕೆ ಮೇಲೆ ಬರಲಿ. ಮಡಿಕೆಯ ಎರಡು ತುದಿಗಳಿಂದ ಕೆಳಗಿನ ನಡುಬಿಂದುವಿಗೆ ಕತ್ತರಿಸಿದರೆ ಜೋಡಿ ಪದರದ ಮುಕ್ಕೋನ ಪತಾಕೆ. ದಾರದ ಮೇಲೆ ಮಡಿಕೆಯನ್ನು ಕೂರಿಸಿ, ಒಳಗೆ ಗೋಂದು ಸವರಿ ಒತ್ತಿದರೆ ಆಯಿತು. ನಡುವೆ ಐದು ಸೆಂಟಿಮೀಟರ್ ಬಿಟ್ಟರೆ ನಾಲ್ಕು ಮೀಟರ್ ದಾರಕ್ಕೆ 16 ಪತಾಕೆ ಸಾಕು.

ಕತ್ತರಿ ಐದೇ ಇತ್ತಲ್ಲ, ಉಳಿದವರಿಗೆ ಹರಿಯುವ ಕೆಲಸ ಕೊಟ್ಟೆ. ಹರಿಯುವುದರಲ್ಲೂ ಒಂದು ಗುಟ್ಟಿದೆ. ಈ ಪತ್ರ ಅಚ್ಚಾದರೆ, ಓದಿದ ಮೇಲೆ ಇದೇ ಪುಟವನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ. ಗೆರೆ ಹೊಡೆದ ಹಾಗೆ ನೇರವಾಗಿ ಬರುತ್ತದೆ. ಈಗ ಪಕ್ಕದಿಂದ ಪಕ್ಕಕ್ಕೆ ಹರಿಯಿರಿ. ಎಲ್ಲೆಲ್ಲೋ ಹೋಗುತ್ತದೆ. ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗಿಕೊಳ್ಳುತ್ತವೆ. ನಾವು ಪ್ರೆಸ್ಸಿನವರು ಇದಕ್ಕೆ ಗ್ರೇನ್ ಅನ್ನುತ್ತೇವೆ. ಗ್ರೇನ್ ಹೋದ ಕಡೆಗೆ ಕಾಗದ ಹರಿಯುತ್ತದೆ, ಮಡಿಕೆಯೂ ಚೊಕ್ಕವಾಗಿ ಕೂರುತ್ತದೆ. ಗ್ರೇನಿಗೆ ಅಡ್ಡವಾಗಿ ಮಡಿಸಿದರೆ ದಪ್ಪ ಕಾಗದ ಬಿರಿಯುತ್ತದೆ. ಏಳು ವರ್ಷದ ಮೊಮ್ಮಗಳು ಇದನ್ನು ಕಲಿತು, ಬಂದವರಿಗೆಲ್ಲ ಪರೀಕ್ಷೆ ಇಟ್ಟಳು. ಎಂಜಿನಿಯರ್ ಆದ ನನ್ನ ಅಳಿಯ ಫೇಲಾದ.

ಆ ದಿನ ಇನ್ನೊಂದು ಸಂಗತಿ ನಡೆಯಿತು. ನನ್ನ ತಮ್ಮನಿಗೂ ಭಾವನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಆಸ್ತಿ ಜಗಳ ಅಂದುಕೊಳ್ಳಬೇಡಿ, ಏಣಿಯ ಜಗಳ. ಭಾವ ತಮ್ಮನ ಏಣಿ ಒಯ್ದವರು ಹಿಂದಕ್ಕೆ ಕೊಡಲಿಲ್ಲ. ತಮ್ಮ ಕೇಳಲು ಆಳು ಕಳಿಸಿದ. ಆಳು ಕಳಿಸಿದ್ದು ಭಾವನಿಗೆ ಅವಮಾನ ಅನ್ನಿಸಿತು. ಅಷ್ಟೇ. ಆವತ್ತು ತೋರಣ ಕಟ್ಟಲು ಎತ್ತರದವರು ಬೇಕಾದರು. ಎತ್ತರದವರು ಅಂದರೆ ಇವರಿಬ್ಬರೇ. ಒಬ್ಬೊಬ್ಬರು ಒಂದೊಂದು ಸ್ಟೂಲು ಹತ್ತಿ ದಾರದ ಎರಡು ತುದಿ ಹಿಡಿದು ನಿಂತರು. ಕಿಟಕಿಯ ಮೇಲಿನ ಮೊಳೆ ತಮ್ಮನ ಕೈಗೆ ಎಟುಕಲಿಲ್ಲ. "ಏಣಿ ಇದ್ದಿದ್ದರೆ ಚೆನ್ನಾಗಿತ್ತು" ಅಂದುಬಿಟ್ಟ. ಕೋಣೆಯಲ್ಲಿ ಕತ್ತರಿಗಳ ಸದ್ದೂ ನಿಂತಿತು. ಭಾವ ಕನ್ನಡಕದ ಮೇಲಿಂದ ನೋಡಿ, "ತಂದು ಕೊಡ್ತೀನಯ್ಯಾ ನಾಳೆ. ಈಗ ದಾರ ಬಿಡಬೇಡ" ಎಂದರು. ಮೊದಲು ನಕ್ಕದ್ದು ನಮ್ಮ ತಂಗಿ.

ಕುರ್ಚಿಯಲ್ಲಿ ಎದುರುಬದುರು ಕೂತಿದ್ದರೆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕೈಗೆ ಕೆಲಸ ಇದ್ದರೆ ಕಣ್ಣು ಕೆಲಸದ ಮೇಲೆ ಇರುತ್ತದೆ. ಮುಖ ನೋಡದೆ ಮಾತಾಡುವುದು ಸುಲಭ, ಅಲ್ವಾ?

ಕೈಯಲ್ಲಿ ಮಾಡಿದ್ದೆಲ್ಲ ಚೆನ್ನಾಗಿಯೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಬೇಸಿಗೆಯಲ್ಲಿ ಕೆಂಪು ಕ್ರೇಪ್ ಕಾಗದದ ಹೂ ಮಾಡಿ ಅಂಗಳದಲ್ಲಿ ಕಟ್ಟಿದೆವು. ಹೂವಿಗೆ ಕ್ರೇಪ್ ಒಳ್ಳೆಯದು. ಸುಕ್ಕಿನ ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಎಸಳಿಗೆ ಬಟ್ಟಲಿನ ಆಕಾರ ಬರುತ್ತದೆ. ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಮಧ್ಯಾಹ್ನ ಮೂರಕ್ಕೆ ಎಲ್ಲಿಂದಲೋ ಮಳೆ ಬಂತು. ಭಾವ ಹಾಕಿದ್ದು ಬಿಳಿ ಅಂಗಿ. ಮುಂದಿನದನ್ನು ಬರೆಯುವುದಿಲ್ಲ.

ತೆಳು ಟಿಶ್ಯೂ ಕಾಗದದ ಚೆಂಡುಗಳು ಇದಕ್ಕಿಂತ ಲೇಸು, ಮನೆಯೊಳಗೆ ಕಟ್ಟುವುದಾದರೆ. ಎಂಟು ಹಾಳೆ ಒಟ್ಟಿಗೆ ಇಟ್ಟು, ಮೂರು ಸೆಂಟಿಮೀಟರಿಗೊಂದು ಬೀಸಣಿಗೆ ಮಡಿಕೆ ಹಾಕಿ, ನಡುವೆ ದಾರ ಕಟ್ಟಿ, ಎರಡೂ ತುದಿಗಳನ್ನು ದುಂಡಗೆ ಕತ್ತರಿಸಬೇಕು. ಕಷ್ಟ ಇರುವುದು ಬಿಡಿಸುವುದರಲ್ಲಿ. ಒಂದೊಂದೇ ಹಾಳೆಯನ್ನು ಬುಡದಲ್ಲಿ ಹಿಡಿದು ನಡುವಿನ ಕಡೆಗೆ ಎತ್ತಬೇಕು. ಅವಸರ ಮಾಡಿದರೆ ಪರ್ ಅಂತ ಹರಿಯುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹದಿನೈದು ವರ್ಷದ ಮೊಮ್ಮಗನೇ ಸರಿ. ಇಡೀ ದಿನ ಯಾರ ಜೊತೆಯೂ ಮಾತಾಡದ ಹುಡುಗ, ಅದನ್ನು ಹಿಡಿದುಕೊಂಡು ಒಂದು ಗಂಟೆ ದೊಡ್ಡವರ ಪಕ್ಕ ಕೂತಿರುತ್ತಾನೆ.

ಬಲೂನಿನ ಮೇಲೆ ನನಗೆ ದ್ವೇಷವಿಲ್ಲ. ಅಭಿಮಾನವೇ ಇದೆ. ಮೊದಲ ರಬ್ಬರ್ ಬಲೂನು ಮಾಡಿದ್ದು ನಮ್ಮ ಕಸುಬಿನವರು! ವಿಜ್ಞಾನಿ ಮೈಕೆಲ್ ಫ್ಯಾರಡೆ 1805ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಬುಕ್ ಬೈಂಡರ್ ಒಬ್ಬರ ಬಳಿ ಕೆಲಸ ಕಲಿಯಲು ಸೇರಿದವರು. ಏಳು ವರ್ಷ ಅಲ್ಲಿದ್ದರು. ಮುಂದೆ 1824ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹೈಡ್ರೋಜನ್ ತುಂಬುವ ಪ್ರಯೋಗಕ್ಕಾಗಿ ಎರಡು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಒತ್ತಿ ಬಲೂನು ಮಾಡಿದರು. ಒಳಗೆ ಅಂಟಿಕೊಳ್ಳಬಾರದು ಅಂತ ಹಿಟ್ಟು ಉದುರಿಸಿದ್ದರು. ಇದು ಬೈಂಡರ್ ಕೈಯ ಕೆಲಸವೇ ಅಂತ ನಾನು ಮೊಮ್ಮಕ್ಕಳ ಮುಂದೆ ವಾದ ಮಾಡುತ್ತೇನೆ. ಅವರು ಒಪ್ಪಿದ ಹಾಗೆ ತಲೆಯಾಡಿಸುತ್ತಾರೆ.

ಆದರೆ ಹೀಲಿಯಂ ತುಂಬಿದ ಬಲೂನುಗಳನ್ನು ಆಕಾಶಕ್ಕೆ ಬಿಡುವುದು ನನಗೆ ಹಿಡಿಸದು. ಬಿಟ್ಟದ್ದು ಎಲ್ಲೋ ಒಂದು ಕಡೆ ಬೀಳಲೇಬೇಕು. ಚೂರುಗಳನ್ನು ಹಕ್ಕಿಗಳು ನುಂಗುತ್ತವೆ, ಕಡಲಾಮೆಗಳು ನುಂಗುತ್ತವೆ. ಬೆಳ್ಳಿ ಬಣ್ಣದವು ವಿದ್ಯುತ್ ತಂತಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಹೀಲಿಯಂ ಕೂಡ ಹೋದರೆ ಹೋಯಿತು, ಗಾಳಿಯಿಂದ ಮತ್ತೆ ಹಿಡಿದು ತರುವಷ್ಟು ಸುಲಭವಲ್ಲ. ನನ್ನ ಮೊಣಕಾಲು ಸ್ಕ್ಯಾನ್ ಮಾಡಿದ ಎಂಆರ್‌ಐ ಯಂತ್ರದ ಆಯಸ್ಕಾಂತವನ್ನು ತಂಪಾಗಿ ಇಡುವುದೂ ದ್ರವ ಹೀಲಿಯಮ್ಮೇ. ಅದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಬಾಯಲ್ಲಿ ಊದಿದ ಬಲೂನು ಮಾತ್ರ, ಅದೂ ನೆರಳಿನಲ್ಲಿ. ಬಿಸಿಲಿಗೆ ಕಟ್ಟಿದರೆ ಮೊದಲು ಹೊಳಪು ಹೋಗುತ್ತದೆ, ಆಮೇಲೆ ಒಂದೊಂದಾಗಿ ಒಡೆದು ಮಲಗಿದ ಮಗುವನ್ನು ಎಬ್ಬಿಸುತ್ತವೆ.

ಇನ್ನು ವಾರಾಂತ್ಯದ ಪ್ರಯಾಣ. ಅದಕ್ಕೂ ನಮ್ಮ ಜೊತೆ ತೋರಣ ಹೊರಡುತ್ತದೆ. ಏಣಿಯ ಪ್ರಸಂಗದ ದಿನ ಮಾಡಿದ ತೋರಣವನ್ನು ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ. ಅಕ್ಕ ಕೇಳಿ ಒಯ್ದಳು, ತನ್ನ ಮನೆಯ ಸಮಾರಂಭಕ್ಕೆ. ಅಲ್ಲಿ ಸೇರಿದವರು ಇನ್ನಷ್ಟು ಪತಾಕೆ ಜೋಡಿಸಿದರು. ಅಲ್ಲಿಂದ ಸೋದರಳಿಯನ ಮನೆಗೆ ಹೋಯಿತು. ಈಗ ಅದೊಂದು ಪದ್ಧತಿ. ಯಾರ ಮನೆಯಲ್ಲಿ ಸೇರುತ್ತೇವೋ ಅಲ್ಲಿಗೆ ತೋರಣ ಬರಬೇಕು, ಹೊಸ ಪತಾಕೆ ಸೇರಬೇಕು, ಪ್ರತಿ ಪತಾಕೆಯ ಬೆನ್ನಿಗೆ ತಾರೀಕು ಮತ್ತು ಮಾಡಿದವರ ಹೆಸರು. ಇವತ್ತಿಗೆ 112 ಪತಾಕೆ, 28 ಮೀಟರ್ ಉದ್ದ. ರಟ್ಟಿನ ಕೊಳವೆಗೆ ಸುತ್ತಿ ಒಯ್ಯುತ್ತೇವೆ. ಮೊದಲಿನವು ಹಳದಿಯಾಗಿವೆ. ಅದು ನಿಮ್ಮ ಪತ್ರಿಕೆಯ ತಪ್ಪಲ್ಲ. ನ್ಯೂಸ್‌ಪ್ರಿಂಟ್‌ನಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಬಣ್ಣ ತಿರುಗುತ್ತದೆ. ಅರ್ಧಂಬರ್ಧ ಹೆಡ್ಡಿಂಗುಗಳು ಮಾತ್ರ ಇನ್ನೂ ಓದಲು ಬರುತ್ತವೆ. ಮದುವೆಯ ವಾರ್ಷಿಕೋತ್ಸವಕ್ಕೆ ಸೊಸೆ ಮಾಡಿದ ಪತಾಕೆಯಲ್ಲಿ ದಪ್ಪ ಅಕ್ಷರದಲ್ಲಿ "ಮುಷ್ಕರ" ಅಂತಿದೆ. ಬೇಕಂತಲೇ ಕತ್ತರಿಸಿದ್ದು ಅಂತ ನನ್ನ ಅನುಮಾನ.

ಒಮ್ಮೆ ಪತಾಕೆಯ ಜೊತೆ ಕಾಗದದ ಹೂಗಳನ್ನೂ ಒಯ್ದಿದ್ದೆವು. ಗ್ಲೂ ಗನ್ ಹಿಡಿದು ಅಂಟಿಸಿದ್ದು ಮಗ. ದಾರಿಯಲ್ಲಿ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ಗಂಟೆ ಅಡ್ಡಾಡಿ ಬಂದೆವು. ಹೂಗಳ ಎಸಳೆಲ್ಲ ಕಳಚಿ ಹಿಂದಿನ ಗಾಜಿನ ಕೆಳಗೆ ರಾಶಿ ಬಿದ್ದಿದ್ದವು. ಬಿಸಿ ಮಾಡಿ ಅಂಟಿಸಿದ್ದು ಬಿಸಿಗೇ ಬಿಟ್ಟುಕೊಂಡಿತು. ದಾರದಲ್ಲಿ ಹೊಲಿದದ್ದು ಬಿಡಲಿಲ್ಲ ಅಂತ ನಾನು ಹೇಳಿದ್ದು ಮಗನಿಗೆ ಇಷ್ಟವಾಗಲಿಲ್ಲ. ತಮಾಷೆ ಬಿಡಿ, ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ಗಂಟೆಯಲ್ಲಿ 19 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಕಿಟಕಿ ಚೂರು ಇಳಿಸಿದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಮಲಗಿದೆಯಲ್ಲ, ಐದು ನಿಮಿಷ ಅಷ್ಟೇ ಅಂತ ಮಗುವನ್ನು ಕಾರಲ್ಲಿ ಬಿಟ್ಟು ಹೋಗಬೇಡಿ. ನನ್ನಂಥ ಮುದುಕರನ್ನೂ ಬಿಡಬೇಡಿ.

ಎರಡು ದಿನದ ರಜೆಯಲ್ಲಿ ನಾಲ್ಕು ಜಾಗ ನೋಡುವ ಹುಚ್ಚು ನಮಗೂ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಓಡಿ, ಇಳಿದು, ಫೋಟೊ ತೆಗೆದು, ಮತ್ತೆ ಓಡುವುದು. ಸೋಮವಾರ ಕೇಳಿದರೆ ಯಾವುದು ಎಲ್ಲಿ ಅಂತ ಯಾರಿಗೂ ನೆನಪಿರಲಿಲ್ಲ. ಈಗ ಒಂದೇ ಜಾಗ. ಹೋಗಲು ಮೂರು ಗಂಟೆಗಿಂತ ಜಾಸ್ತಿ ಬೇಡ. ಭಾನುವಾರ ಮಧ್ಯಾಹ್ನವೇ ಹೊರಟುಬಿಡಬೇಕು, ಎಲ್ಲರೂ ಒಟ್ಟಿಗೆ ವಾಪಸಾಗುವ ಹೊತ್ತಿಗೆ ಮೊದಲು. ಶನಿವಾರ ಸಂಜೆ ಎರಡು ಮರಗಳ ನಡುವೆ ತೋರಣ ಕಟ್ಟಿ ಅದರ ಕೆಳಗೆ ಕೂರುತ್ತೇವೆ. ಯಾರೋ ಒಬ್ಬರು ಹಳೇ ಪತಾಕೆ ತಿರುಗಿಸಿ ಹೆಸರು ಓದುತ್ತಾರೆ. ಅವರಲ್ಲಿ ಇಬ್ಬರು ಈಗ ಇಲ್ಲ. ಅವರ ಅಕ್ಷರ ಇದೆ. ಭಾನುವಾರ ದಾರದ ಚೂರೂ ಬಿಡದೆ ಬಿಚ್ಚಿಕೊಂಡು ಬರುತ್ತೇವೆ.

ಕೊನೆಗೆ ನಿಮಗೊಂದು ಕೋರಿಕೆ. ರಜೆ ಮುಗಿಯುವವರೆಗೆ ವಾರಕ್ಕೊಂದು ಸಲ, ಪುರವಣಿಯ ಒಂದು ಪುಟದಲ್ಲಿ ಸುದ್ದಿ ಹಾಕಬೇಡಿ. ಪುಟದ ತುಂಬ ಒಂದು ಬಣ್ಣ, ಬೇಕಾದರೆ ಗೆರೆ ಅಥವಾ ಚುಕ್ಕೆ, ಜೊತೆಗೆ ಕತ್ತರಿಸುವ ಗುರುತು. ಬೆನ್ನಿನ ಪುಟ ಖಾಲಿ ಇದ್ದರೆ ಇನ್ನೂ ಒಳ್ಳೆಯದು, ಹೆಸರು ಬರೆಯಲು ಜಾಗ ಸಿಗುತ್ತದೆ. ಜಾಹೀರಾತಿನವರು ಒಪ್ಪುವುದು ಕಷ್ಟ ಅಂತ ನನಗೂ ಗೊತ್ತು, ಪ್ರೆಸ್ಸಿನಲ್ಲಿ ಇದ್ದವನಲ್ಲವೇ. ಅರ್ಧ ಪುಟವಾದರೂ ಸಾಕು.

ಮುಂದಿನ ಶನಿವಾರ ನಾವು ಸೇರುವುದು ತಂಗಿಯ ಮನೆಯಲ್ಲಿ. 112ಕ್ಕೆ ಇನ್ನೊಂದಷ್ಟು ಸೇರುತ್ತದೆ, ಹೊಸದಾಗಿ ಹುಟ್ಟಿದ ಮಗುವಿನ ಹೆಸರಿನದೂ ಒಂದು. ಎತ್ತರದ ಗೋಡೆ, ಏಣಿ ಬೇಕಾಗುತ್ತದೆ. ಅದಕ್ಕೇನೂ ತೊಂದರೆಯಿಲ್ಲ. ತಮ್ಮನ ಏಣಿ ಇನ್ನೂ ಭಾವನ ಮನೆಯಲ್ಲೇ ಇದೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಬೈಂಡರ್